ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರು ಇಡಬಹುದಾ?

ಪ್ರಶ್ನೆ: ಈಗಷ್ಟೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ವೇರಿಯಬಲ್, ಮೆಥಡ್‌ಗಳಿಗೆ ಕನ್ನಡದಲ್ಲೇ ಹೆಸರು ಇಟ್ಟರೆ ಪ್ರೋಗ್ರಾಂ ಓಡುತ್ತದಾ?

ಓಡುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದಲೇ ಇದು ಸಾಧ್ಯ. ‘ಬೆಲೆ = 40’ ಅಂತ ಬರೆದು ನೋಡಿ, ಯಾವ ತಕರಾರೂ ಇರುವುದಿಲ್ಲ. ನಿಯಮಗಳು ಇಂಗ್ಲಿಷ್ ಹೆಸರಿಗೆ ಇರುವಂಥವೇ: ಹೆಸರು ಅಂಕಿಯಿಂದ ಶುರುವಾಗಬಾರದು (ಕನ್ನಡ ಅಂಕಿಯೂ ಅಷ್ಟೇ), ನಡುವೆ ಜಾಗ ಬಿಡಬಾರದು. ಇಫ್, ಫಾರ್ ಥರದ, ಭಾಷೆಯೇ ಕಾದಿರಿಸಿಕೊಂಡ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಎಡವುವುದು ಬೇರೆ ಕಡೆ. ‘ಪೆನ್‌ಬೆಲೆ’ ಅಂತ ಬರೆಯಬೇಕು ಅಂದುಕೊಳ್ಳಿ. ನ್ ಕೆಳಗೆ ಬಕಾರದ ಒತ್ತು ಬೀಳದಿರಲಿ ಅಂತ ನಾವು ನಡುವೆ ಝಡ್‌ಡಬ್ಲ್ಯುಎನ್‌ಜೆ ಎಂಬ, ಅಕ್ಷರಗಳು ಕೂಡದಂತೆ ತಡೆಯುವ ಗುರುತು ಹಾಕುತ್ತೇವೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಪೈಥಾನಿನ ಹಲವು ಆವೃತ್ತಿಗಳು ಅದನ್ನು ಒಪ್ಪುವುದಿಲ್ಲ. ಸಿಂಟ್ಯಾಕ್ಸ್ ಎರರ್ (ಬರವಣಿಗೆ ತಪ್ಪು ಅನ್ನುವ ಸಂದೇಶ) ಬರುತ್ತದೆ, ಎಷ್ಟು ದಿಟ್ಟಿಸಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸುಮ್ನೆ ಅಲ್ಲೊಂದು ಅಂಡರ್‌ಸ್ಕೋರ್ ಹಾಕಿ: ‘ಪೆನ್_ಬೆಲೆ’. ಒತ್ತು ಬೀಳುವುದಿಲ್ಲ, ಮತ್ತೆ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕುವುದೇ ಪೈಥಾನಿನ ರೂಢಿ ಕೂಡ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯಾದರೆ ಝಡ್‌ಡಬ್ಲ್ಯುಎನ್‌ಜೆಯನ್ನೂ ಒಪ್ಪುತ್ತದೆ.

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಥೆ ಕೇಳಿದರೆ ಬೇಜಾರಾಗುತ್ತದೆ. ಅದರಲ್ಲಿ ‘ದರ’ ನಡೆಯುತ್ತದೆ, ‘ಬೆಲೆ’ ನಡೆಯುವುದಿಲ್ಲ! ಗೋ ಒಪ್ಪುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಬೆ, ಲೆಗಳಲ್ಲಿರುವ ಎತ್ವ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಮಾನದಂಡ) ಲೆಕ್ಕದಲ್ಲಿ ಅಕ್ಷರವಲ್ಲ, ಚಿಹ್ನೆ. ಗುಣಿತಾಕ್ಷರ, ಒತ್ತಕ್ಷರ ಇಲ್ಲದೆ ಎಷ್ಟು ಕನ್ನಡ ಪದ ಸಿಕ್ಕೀತು? ಸಿಕ್ಕರೂ ಇನ್ನೊಂದು ತೊಡಕಿದೆ. ಗೋದಲ್ಲಿ ಹೆಸರು ದೊಡ್ಡಕ್ಷರದಿಂದ ಶುರುವಾದರೆ ಮಾತ್ರ ಬೇರೆ ಪ್ಯಾಕೇಜಿಗೆ (ಕೋಡಿನ ಬೇರೆ ಭಾಗಕ್ಕೆ) ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲವಲ್ಲ.

ಇನ್ನು ಹೆಸರು ಎಂಥದ್ದಿರಬೇಕು? ವೇರಿಯಬಲ್ ಅಂದರೆ ಒಂದು ವಸ್ತು, ಅದಕ್ಕೆ ನಾಮಪದ: ಮೊತ್ತ, ರಿಯಾಯಿತಿ. ಮೆಥಡ್ ಅಂದರೆ ಒಂದು ಕೆಲಸ, ಅದಕ್ಕೆ ಕ್ರಿಯಾಪದ: ಕೂಡು, ಕಳೆ, ಬಿಲ್_ಮಾಡು. ‘ಕೂಡು()’ ಅಂತ ಓದಿದ ಕೂಡಲೇ ಏನು ನಡೆಯುತ್ತದೆ ಅಂತ ಗೊತ್ತಾಗುತ್ತದೆ, ಅಲ್ವಾ? ಹೊಸದಾಗಿ ಕಲಿಯುವವರು ಹೀಗೆ ಶುರು ಮಾಡಿದರೆ ತುಂಬ ಒಳ್ಳೆಯದು ಅಂತ ನನಗನ್ನಿಸುತ್ತದೆ. ಇಂಗ್ಲಿಷ್ ಪದದ ಅರ್ಥ ಹುಡುಕುವ ಹೊತ್ತು ಲಾಜಿಕ್ಕಿಗೆ ಸಿಗುತ್ತದೆ.

ಕನ್ನಡ ಬಾರದವರ ಜೊತೆ ಕೆಲಸ ಮಾಡುವಾಗ ಇಂಗ್ಲಿಷ್ ಪದವನ್ನೇ ಇಡಿ. ಆದರೆ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಮಾತ್ರ ಬೇಡ. ಕಾಲ, ಕಾಳ, ಕಲಾ, ಕಳ ಎಲ್ಲವೂ ಅಲ್ಲಿ ಒಂದೇ ಥರ ಕಾಣುತ್ತವೆ. ಆರು ತಿಂಗಳು ಬಿಟ್ಟು ಫೈಲ್ ತೆರೆದರೆ ಯಾವುದು ಅಂತ ನಿಮಗೇ ತಿಳಿಯುವುದಿಲ್ಲ.