ಕರೆಂಟೇ ಇಲ್ಲದ ಹಳೇ ಬಂಕರ್‌ನಲ್ಲಿ ಸ್ವಿಚ್‌ಬೋರ್ಡ್ ಮುಟ್ಟಿದರೆ ಏನಾಗುತ್ತದೆ?

ಓದುಗರ ಪ್ರಶ್ನೆ: ಪಾಳುಬಿದ್ದ ನೆಲದಡಿಯ ಬಂಕರ್‌ಗಳನ್ನು ನೋಡುವ ಆಸೆ ನನಗೆ. ಅಲ್ಲಿ ಕರೆಂಟ್ ಹೋಗಿ ಎಷ್ಟೋ ವರ್ಷ ಆಗಿರುತ್ತದೆ ಅಲ್ವಾ? ಆದರೂ ಹಳೇ ಪ್ಯಾನಲ್, ಮೀಟರ್ ಮುಟ್ಟಬೇಡಿ ಅಂತಾರೆ. ಯಾಕೆ?

ಎಲ್ಲರಿಗೂ ಮೊದಲು ನೆನಪಾಗುವುದು ಶಾಕ್. ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಳಗೆ 40 ವರ್ಷದ ಹಿಂದಿನ ಚಾರ್ಜ್ ಇನ್ನೂ ಕೂತಿರುತ್ತದೆ ಎಂದು ಹೆದರುವವರಿದ್ದಾರೆ. ಆ ಚಾರ್ಜ್ ಎಂದೋ ಸೋರಿ ಹೋಗಿರುತ್ತದೆ. ಹಾಗಂತ ಕರೆಂಟ್ ಇಲ್ಲವೇ ಇಲ್ಲ ಎಂದು ನಂಬಿಬಿಡಬೇಡಿ. ಬಂಕರ್ ಮುಚ್ಚಿದ ಮೇಲೂ ನೀರೆತ್ತುವ ಪಂಪಿಗೋ, ಮೇಲಿರುವ ರೇಡಿಯೋ ಟವರಿಗೋ ಒಂದು ಲೈನ್ ಉಳಿಸಿರಬಹುದು. ಅದು ಇದೇ ತುಕ್ಕು ಹಿಡಿದ ಪ್ಯಾನಲ್ ದಾಟಿ ಹೋಗಿರಬಹುದು. ತಂತಿ ಮುಟ್ಟದೆಯೇ ಕರೆಂಟ್ ತೋರಿಸುವ ಟೆಸ್ಟರ್ ಪೆನ್ ಜೇಬಲ್ಲಿದೆ ಅಂತ ಧೈರ್ಯ ಬೇಡ. ಅದು ಕೂಗುವುದು ಎಸಿಗೆ, ಅಂದರೆ ಮನೆಗೆ ಬರುವಂಥ ದಿಕ್ಕು ಬದಲಿಸುತ್ತಿರುವ ಕರೆಂಟಿಗೆ ಮಾತ್ರ. ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಡಿಸಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಆದರೆ ನನಗೆ ಜಾಸ್ತಿ ಭಯ ಇರುವುದು ಶಾಕ್ ಬಗ್ಗೆ ಅಲ್ಲ, ಆ ಸಾಮಾನುಗಳನ್ನು ಯಾವುದರಿಂದ ಮಾಡಿದ್ದಾರೆ ಅನ್ನುವುದರ ಬಗ್ಗೆ.

ಒಂದು ಹಳೇ ಮಿಲಿಟರಿ ಮೀಟರನ್ನೇ ನೋಡಿ. ಅಂಕಿಗಳ ಮೇಲೆ ಕಂದು ತಿರುಗಿದ ಬಣ್ಣ ಇರುತ್ತದೆ. ಎಷ್ಟೋ ಮೀಟರ್‌ಗಳಲ್ಲಿ ಅದು ಕತ್ತಲಲ್ಲಿ ಹೊಳೆಯಲಿ ಎಂದು ಹಚ್ಚಿದ, ವಿಕಿರಣ ಸೂಸುವ ರೇಡಿಯಂ ಬಣ್ಣ. ಈಗ ಹೊಳೆಯುವುದಿಲ್ಲ, ಹಾಗಾಗಿ ಶಕ್ತಿ ಮುಗಿದಿದೆ ಅನ್ನಿಸುತ್ತದೆ. ಮುಗಿದಿರುವುದು ಬೆಳಕು ಕೊಡುತ್ತಿದ್ದ ಜಿಂಕ್ ಸಲ್ಫೈಡ್ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಗಾಜು ಒಡೆದು ಆ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ವಾಪಸ್ ತೆಗೆಯುವುದು ತುಂಬಾ ಕಷ್ಟ.

ಕೆಲವು ದೊಡ್ಡ ಬಂಕರ್‌ಗಳಲ್ಲಿ ಎಸಿಯನ್ನು ಡಿಸಿ ಮಾಡಲು ಪಾದರಸದ ರೆಕ್ಟಿಫೈಯರ್ ಇರುತ್ತಿತ್ತು. ಪೀಟರ್ ಕೂಪರ್ ಹೆವಿಟ್ 1902ರಲ್ಲಿ ಕಂಡುಹಿಡಿದದ್ದು. ದೊಡ್ಡ ಗಾಜಿನ ಬುರುಡೆ, ಅದರ ಸುತ್ತ ಆಕ್ಟೋಪಸ್‌ಗೆ ಇರುವ ಹಾಗೆ ಗಾಜಿನ ಕೈಗಳು, ತಳದಲ್ಲಿ ಪಾದರಸದ ಪುಟ್ಟ ಕೊಳ. ಉರಿಯುವಾಗ ಒಳಗೆಲ್ಲಾ ನೀಲಿ-ನೇರಳೆ ಬೆಳಕು ನಡುಗುತ್ತದೆ. ಇಷ್ಟು ಚೆಂದದ ಎಲೆಕ್ಟ್ರಿಕ್ ಯಂತ್ರ ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ. ಅದು ಒಡೆದರೆ ಪಾದರಸ ನೆಲದ ಬಿರುಕುಗಳಿಗೆ ಇಳಿಯುತ್ತದೆ. ಗಾಳಿ ಆಡದ ಆ ರೂಮಲ್ಲಿ ಅದರ ಆವಿ ಹಾಗೇ ನಿಂತಿರುತ್ತದೆ.

ಟ್ರಾನ್ಸ್‌ಫಾರ್ಮರ್ ಕೆಳಗೆ ಜಿಗುಟಾದ ಎಣ್ಣೆ ಕಂಡರೆ ದೂರ ನಿಲ್ಲಿ. ಅದರಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷದ ರಾಸಾಯನಿಕ ಇರಬಹುದು. ಅಮೆರಿಕ ಇದರ ತಯಾರಿಕೆಯನ್ನು 1979ರಲ್ಲೇ ನಿಲ್ಲಿಸಿತು. ಚರ್ಮದಿಂದಲೂ ಮೈಗೆ ಸೇರುತ್ತದೆ. ಪ್ಯಾನಲ್ ಹಿಂದಿನ ಬೂದು ಹಲಗೆ, ತಂತಿ ಸುತ್ತಿದ ಬಟ್ಟೆ ಕಲ್ನಾರಿನದ್ದಾಗಿರಬಹುದು, ಅಂದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್. ಸುಮ್ನೆ ಕೈ ಸವರಿದರೂ ಧೂಳು ಏಳುತ್ತದೆ.

ಇನ್ನು ಗಾಳಿ. ಮುಚ್ಚಿದ ರೂಮಲ್ಲಿ ಕಬ್ಬಿಣ ತುಕ್ಕು ಹಿಡಿಯುವಾಗ ಆಕ್ಸಿಜನ್ ಅನ್ನೇ ತಿನ್ನುತ್ತದೆ. ಹೊರಗಿನ ಗಾಳಿಯಲ್ಲಿ ಅದು 20.9% ಇರುತ್ತದೆ. 19.5%ಕ್ಕಿಂತ ಇಳಿದರೆ ಅಪಾಯ ಎಂದೇ ಲೆಕ್ಕ. ವಾಸನೆ ಬರುವುದಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸದೇ ಇರಬಹುದು. ಬ್ರಿಟನ್‌ನಲ್ಲಿ ಅಣುಬಾಂಬ್ ಬಿದ್ದರೆ ವರದಿ ಮಾಡಲು ಕಟ್ಟಿದ 1,500ಕ್ಕೂ ಜಾಸ್ತಿ ಪುಟ್ಟ ಬಂಕರ್‌ಗಳಿದ್ದವು. ಕೊನೆಯವು 1991ರಲ್ಲಿ ಮುಚ್ಚಿದವು. ಒಳಗೆ ಇದ್ದದ್ದು 12 ವೋಲ್ಟ್ ಬ್ಯಾಟರಿ ಅಷ್ಟೇ, ಶಾಕ್ ಹೊಡೆಯುವ ಮಾತೇ ಇಲ್ಲ. ಆದರೆ ಇಳಿಯುವ ದಾರಿ ಒಂದೇ, ತುಕ್ಕು ಹಿಡಿದ ನೇರ ಏಣಿ. ಅನುಮತಿ, ಜೊತೆಗೊಬ್ಬರು, ಆಕ್ಸಿಜನ್ ಅಳೆಯುವ ಗ್ಯಾಸ್ ಮೀಟರ್, ಮೇಲೆ ಕಾಯುವವರು ಇಲ್ಲದೆ ಇಂಥ ಕಡೆ ಇಳಿಯಲೇಬೇಡಿ.

ನಿಮ್ಮ ಆಸೆ ಈ ಯಂತ್ರಗಳನ್ನು ನೋಡುವುದೇ ಆಗಿದ್ದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಫ್ರಾನ್ಸ್ ಗಡಿಯಲ್ಲಿ ಕಟ್ಟಿದ ಕೋಟೆಗಳ ಸಾಲಾದ ಮ್ಯಾಜಿನೋ ರೇಖೆಯ ಹ್ಯಾಕನ್‌ಬರ್ಗ್ ಕೋಟೆಗೆ ಹೋಗಿ. ಅದು ಈಗ ಮ್ಯೂಸಿಯಂ. ಸುಮಾರು 10 ಕಿಲೋಮೀಟರ್ ಸುರಂಗ, ಸ್ವಂತ ಡೀಸೆಲ್ ಪವರ್‌ಹೌಸ್, ಸಾಲಾಗಿ ನಿಂತ ಸ್ವಿಚ್ ಪ್ಯಾನಲ್‌ಗಳು ಅಲ್ಲಿವೆ. ಸೈನಿಕರ ಸಾಮಾನು ಸಾಗಿಸುತ್ತಿದ್ದ ಎಲೆಕ್ಟ್ರಿಕ್ ರೈಲು ಈಗ ನೋಡಲು ಬಂದವರನ್ನು ಕೂರಿಸಿಕೊಂಡು ಅದೇ ಸುರಂಗದಲ್ಲಿ ಓಡುತ್ತದೆ.