ಮದಕದ ಕೆಳಗೆ ಯಾರಿದ್ದಾರೆ?

ಉಡುಪಿ ಕಡೆ ಗುಡ್ಡದಿಂದ ಮಳೆನೀರು ಇಳಿಯುವ ಜಾಗಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ ಮಾಡಿದ ಮದಕಗಳಿವೆ. ಖಾಸಗಿ ತೋಟಗಳ ತಲೆಯಲ್ಲೂ ಇವೆ. ಏರಿ ಗಟ್ಟಿ ಇದೆಯಾ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಅಜ್ಜನ ಕಾಲದ್ದು, ಏನೂ ಆಗುವುದಿಲ್ಲ." ಈ ಧೈರ್ಯ ಕಂಡರೆ ನನಗೆ ಹೆದರಿಕೆ.

ಅಣೆಕಟ್ಟೆಗಳಿಗೆ ಅಪಾಯದ ದರ್ಜೆ ಅಂತ ಒಂದಿದೆ. ಅಮೆರಿಕದಲ್ಲಿ ಮೂರು: ಕಡಿಮೆ, ಗಣನೀಯ, ಹೆಚ್ಚು. 'ಹೆಚ್ಚು' ಅಂದ ಕೂಡಲೇ ಕಟ್ಟೆ ಬಿರುಕು ಬಿಟ್ಟಿದೆ ಅಂತ ಜನ ಗಾಬರಿಯಾಗುತ್ತಾರೆ. ಆದರೆ ದರ್ಜೆ ಕೊಡುವವರು ಕೇಳುವ ಪ್ರಶ್ನೆಯೇ ಬೇರೆ. ಇದು ಒಡೆದರೆ ಕೆಳಗೆ ಏನಾಗುತ್ತದೆ? ಒಂದೇ ಒಂದು ಜೀವ ಹೋಗುವ ಸಂಭವ ಇದ್ದರೂ ಅದು 'ಹೆಚ್ಚು'. ಕೆಳಗೆ ಬರೀ ಗದ್ದೆ ಇದ್ದರೆ ಕುಸಿಯುತ್ತಿರುವ ಏರಿಯೂ 'ಕಡಿಮೆ'.

ಹಾಗಾಗಿ ಏರಿಯ ಒಂದು ಹಿಡಿ ಮಣ್ಣು ಅಲುಗದೆಯೂ ದರ್ಜೆ ಬದಲಾಗುತ್ತದೆ. ಬೈಲುಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿ ನಾಲ್ಕು ಮನೆ ಕಟ್ಟಿದರೆ ಸಾಕು. ಒಂದು ಎಕರೆ ಅಗಲ, ಸರಾಸರಿ ಎರಡೂವರೆ ಮೀಟರ್ ಆಳದ ಮದಕದಲ್ಲಿ 1 ಕೋಟಿ ಲೀಟರ್ ನೀರಿರುತ್ತದೆ. ತೂಕ 10,000 ಟನ್!

ಹವಾಯಿಯ ಕಾ ಲೋಕೊ, ಕಬ್ಬಿನ ತೋಟಕ್ಕೆಂದು ಕಟ್ಟಿದ ಖಾಸಗಿ ಮಣ್ಣಿನ ಕಟ್ಟೆ. ದಾಖಲೆಯಲ್ಲಿ 'ಕಡಿಮೆ ಅಪಾಯ' ಎಂದೇ ಇತ್ತು. 2006ರ ಮಾರ್ಚ್ 14ರಂದು ಒಡೆದು 7 ಜನ ಸತ್ತರು. ಅದಕ್ಕೂ ಮೊದಲು, 1977ರ ನವೆಂಬರ್‌ನಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಕಾಲೇಜಿನ ಒಡೆತನದ ಕೆಲ್ಲಿ ಬಾರ್ನ್ಸ್ ಕಟ್ಟೆ ನಡುರಾತ್ರಿ ಒಡೆದು 39 ಜನರನ್ನು ಕೊಂದಿತ್ತು. ಎತ್ತರ ಸುಮಾರು 12 ಮೀಟರ್ ಮಾತ್ರ. ನಮ್ಮ 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವುಗಳಿಗೆ ಅನ್ವಯ. 10ರಿಂದ 15 ಮೀಟರ್ ಇದ್ದರೆ ಕೆಲವು ಷರತ್ತುಗಳಿವೆ. ಅದಕ್ಕಿಂತ ಗಿಡ್ಡ ಇದ್ದರೆ ಕಾಯ್ದೆಯ ಲೆಕ್ಕಕ್ಕೇ ಇಲ್ಲ. ಮದಕವನ್ನು ನೋಡಿಕೊಳ್ಳುವವರು ಅದರ ಯಜಮಾನರೇ.

ನೋಡಬೇಕಾದ್ದು ಏನು? ಹೆಚ್ಚಾದ ನೀರು ಹೊರಹೋಗುವ ಕೋಡಿಯಲ್ಲಿ ಕಸ ಕಟ್ಟಿಕೊಂಡರೆ ನೀರು ಏರಿ ಹತ್ತಿ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಕಣ್ಣಿಗೆ ಬೀಳದೆ ನಡೆಯುವುದು ಒಳಕೊರೆತ.

ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಒಸರಿಯೇ ಒಸರುತ್ತದೆ. ಒಸರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕದಡಿದ್ದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ನೀರು ಹೊರಬೀಳುವ ಬುಡದಲ್ಲಿ ಮೊದಲು ಕಣಗಳು ಕಳಚುತ್ತವೆ. ಅಲ್ಲಿ ಒಂದು ಸಣ್ಣ ತೂತು. ನೀರಿಗೆ ದಾರಿ ಅಷ್ಟು ಗಿಡ್ಡವಾಯಿತು, ಹರಿವು ಜಾಸ್ತಿಯಾಯಿತು, ಇನ್ನಷ್ಟು ಕಣ ಕಳಚಿದವು. ಹೀಗೆ ತೂತು ಹಿಂದೆ ಹಿಂದೆ, ನೀರಿನ ಕಡೆಗೇ ಬೆಳೆಯುತ್ತದೆ. ಮದಕ ಮುಟ್ಟಿದ ಮೇಲೆ ಕೆಲವೇ ಗಂಟೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಡಿಯ ಶೇಡಿ ಮಣ್ಣು ನೆನೆದರೆ ಬಲ ಕಳೆದುಕೊಂಡು ಸುಲಭವಾಗಿ ಕೊಚ್ಚಿಹೋಗುವ ಜಾತಿ.

ಬಿಲಗಳೂ ಇಂಥ ದಾರಿಯೇ. 2019ರ ಜುಲೈನಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ ಒಡೆದು ಸುಮಾರು 20 ಜನ ಸತ್ತಾಗ, ಏಡಿಗಳೇ ಕಾರಣ ಅಂದರು ಆಗಿನ ಸಚಿವರೊಬ್ಬರು. ಜನ ಸಿಟ್ಟಾದರು, ಸರಿಯಾಗಿಯೇ. ಏಡಿ ಬಿಲ ತೋಡುವುದು ನಿಜ. ಆದರೆ ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು. ಆ ಮಾತು ಕೇಳಬೇಕಿತ್ತು, ಅಲ್ವಾ?

ಮಳೆಗಾಲದಲ್ಲಿ ಬುಡದ ಒಸರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ತಳದಲ್ಲಿ ಮಣ್ಣು ಕೂತರೆ ಕೆಳಗಿನ ಮನೆಯವರಿಗೆ ಮೊದಲು ಹೇಳಿ, ತೂಬಿನಿಂದ ನೀರು ಇಳಿಸಿ, ಎಂಜಿನಿಯರನ್ನು ಕರೆಸಿ. ಬುಡದ ತೂತಿಗೆ ಜೇಡಿಮಣ್ಣು ಮೆತ್ತಬೇಡಿ. ನೀರು ಒಳಗೇ ಒತ್ತಡ ಕಟ್ಟಿ ಬೇರೆ ಕಡೆ ಒಡೆದುಕೊಳ್ಳುತ್ತದೆ. ಒಸರುವ ಜಾಗಕ್ಕೆ ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಕುವುದು ಸರಿಯಾದ ಕ್ರಮ. ಮರಳು ಜರಡಿಯಂತೆ ಮಣ್ಣಿನ ಕಣ ಹಿಡಿದು ನೀರನ್ನು ಮಾತ್ರ ಬಿಡುತ್ತದೆ, ಜಲ್ಲಿಯ ಭಾರ ಮರಳನ್ನು ಏಳದಂತೆ ಒತ್ತಿಡುತ್ತದೆ.