ಮೂತಿ ಎತ್ತಿದ ಸಬ್‌ಮರೀನ್ ಬೇಡ ಸಾರ್

ಆರ್ಕ್ಟಿಕ್ ಮಂಜುಗಡ್ಡೆಯ ನಡುವೆ ನಿಂತ ಸಬ್‌ಮರೀನ್‌ನ ಡಯೋರಮಾ, ಅಂದರೆ ಮಾಡೆಲ್ ಇಟ್ಟು ಕಟ್ಟಿದ ಪುಟ್ಟ ದೃಶ್ಯ, ಮಾಡಿಕೊಡಿ ಅಂತ ಬರುವವರ ಫೋನಿನಲ್ಲಿ ಬಹುತೇಕ ಒಂದೇ ಫೋಟೋ ಇರುತ್ತದೆ. ಸಬ್‌ಮರೀನ್ ಮೂತಿ ಮೇಲೆ ಮಾಡಿಕೊಂಡು ಅರ್ಧ ಮೈ ನೀರಿನಿಂದ ಹೊರಗೆ ಹಾರಿರುತ್ತದೆ, ಸುತ್ತ ಬಿಳಿ ನೊರೆ. "ಸೇಮ್ ಇದೇ ಥರ ಸಾರ್. ನೀರಿನ ಬದಲು ಐಸ್ ಹಾಕಿ, ಅಷ್ಟೇ. ಒಡ್ಕೊಂಡ್ ಬರ್ತಾ ಇರೋ ಫೋರ್ಸ್ ಕಾಣಬೇಕು." ಹೇಳಿ ಹೇಳಿ ನನಗೂ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿಬಿಡೋಣ ಅಂತ ಬರೆಯುತ್ತಿದ್ದೇನೆ.

ಆ ಫೋಟೋ ತೆರೆದ ಸಮುದ್ರದ್ದು. ಎಮರ್ಜೆನ್ಸಿ ಬ್ಲೋ ಅಂತಾರೆ. ಅಪಾಯ ಬಂದಾಗ, ಮುಳುಗಲು ನೀರು ತುಂಬಿಕೊಳ್ಳುವ ಬ್ಯಾಲಸ್ಟ್ ಟ್ಯಾಂಕುಗಳಿಗೆ ಒತ್ತಡದ ಗಾಳಿ ನುಗ್ಗಿಸಿ, ಒಳಗಿನ ನೀರನ್ನೆಲ್ಲ ಹೊರಗೆ ತಳ್ಳಿ, ಆದಷ್ಟು ಬೇಗ ಮೇಲೆ ಬರುವ ಉಪಾಯ ಅದು. ಅದು ಸರಿಯಾಗಿ ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡುವಾಗ ತೆಗೆದ ಫೋಟೋಗಳೇ ಎಲ್ಲ ಕಡೆ ಓಡಾಡುತ್ತಿರುವುದು. ಮೇಲೆ ಮಂಜುಗಡ್ಡೆ ಇರುವಾಗ ಯಾರೂ ಬೇಕೂಂತ ಹೀಗೆ ಮಾಡಲ್ಲ. ಮೂತಿಯಲ್ಲಿ ಇರೋದು ಸೋನಾರ್, ಅಂದರೆ ಸಬ್‌ಮರೀನ್‌ನ ಕಿವಿ. ಹಿಂದೆ ಪ್ರೊಪೆಲರ್, ಚುಕ್ಕಾಣಿ. ಕಿವಿಯಿಂದ ಗುದ್ದಿ ಬಾಗಿಲು ಒಡೆಯುವವರು ಯಾರಾದರೂ ಇದ್ದಾರಾ?

ನಿಜವಾಗಿ ನಡೆಯೋದು ಬೇರೆ. ಮೊದಲು, ಮೇಲ್ಮುಖವಾಗಿ ನೋಡುವ ಸೋನಾರ್‌ನಿಂದ ಐಸ್ ಎಲ್ಲಿ ತೆಳುವಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಹುಡುಕುತ್ತಾರೆ. ಸಿಕ್ಕಿದ ಮೇಲೆ ಅದರ ಕೆಳಗೆ ಹೋಗಿ ನಿಲ್ಲುತ್ತಾರೆ. ಪೂರ್ತಿ ನಿಲ್ಲುತ್ತಾರೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಮೇಲೆ ಬ್ಯಾಲಸ್ಟ್ ನೀರು ಕಡಿಮೆ ಮಾಡುತ್ತಾ, ಮೈ ಮಟ್ಟಸವಾಗಿ ಇಟ್ಟುಕೊಂಡು, ಲಿಫ್ಟ್ ಏರಿದ ಹಾಗೆ ನೇರ ಮೇಲಕ್ಕೆ. ಮೊದಲು ತಾಗುವುದು ಬೆನ್ನ ಮೇಲಿನ ಗೋಪುರ, ಇಂಗ್ಲಿಷಿನವರು ಸೇಲ್ ಅನ್ನುವುದು. ಅದು ಕೆಳಗಿಂದ ಒತ್ತುತ್ತದೆ, ಐಸ್ ಉಬ್ಬುತ್ತದೆ, ಬಿರಿಯುತ್ತದೆ, ಗೋಪುರ ಹೊರಗೆ ಬರುತ್ತದೆ. ಒಂದೆರಡು ಡಿಗ್ರಿ ಆಚೀಚೆ ವಾಲಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಎಲ್ಲ ದೇಶಗಳ ಎಲ್ಲ ಸಬ್‌ಮರೀನ್‌ಗಳ ಬಗ್ಗೆ ಆಣೆ ಮಾಡಿ ಹೇಳುವಷ್ಟು ತಿಳಿದವನೂ ಅಲ್ಲ, ನೌಕಾಪಡೆಗಳು ಎಲ್ಲವನ್ನೂ ಹೊರಗೆ ಹೇಳೋದೂ ಇಲ್ಲ. ಆದರೆ ಮೂವತ್ತು ಡಿಗ್ರಿ ಮೂತಿ ಎತ್ತಿ ಐಸ್ ಚೂರುಗಳನ್ನು ಗಾಳಿಗೆ ಎರಚುವ ಸಬ್‌ಮರೀನ್ ಸಿನಿಮಾದ್ದು.

ಇದನ್ನು ಒಪ್ಪಿಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಸಬ್‌ಮರೀನ್ ನಿಂತಿದೆ, ಹಾಗಾದರೆ ಮುಂದೆ ಅಲೆ ಇರಲ್ಲ. ಹಿಂದೆ ದೋಣಿ ಬಂದ ದಾರಿಯ ಥರ ಸೀಳಿದ ಐಸ್ ಇರಲ್ಲ, ಯಾಕಂದರೆ ಅದು ಮುಂದಕ್ಕೆ ಬಂದೇ ಇಲ್ಲ. ಗೋಪುರದ ಸುತ್ತ ಒಡೆದ ಐಸ್, ಆಮೇಲೆ ಒಂದಷ್ಟು ದೂರ ಏನೂ ಆಗದ ಸಮತಟ್ಟು ಐಸ್, ಹಿಂದೆ ಬೇರೆ ತೂತು ಮಾಡಿಕೊಂಡು ಇಣುಕುತ್ತಿರುವ ಚುಕ್ಕಾಣಿ. ಎಷ್ಟೋ ನಿಜವಾದ ಫೋಟೋಗಳಲ್ಲಿ ಕಾಣೋದೇ ಇಷ್ಟು. ಮೈಗೆ ತಾಗಿದ ತುಂಡುಗಳು ಮಾತ್ರ ಓರೆಯಾಗಿರುತ್ತವೆ, ಅಥವಾ ಡೆಕ್ ಮೇಲೆ ಕೂತಿರುತ್ತವೆ. ತಾಗದ ತುಂಡು ಮತ್ತೆ ನೀರಿಗೆ ಬಿದ್ದು ಮಟ್ಟಸವಾಗಿ ತೇಲುತ್ತದೆ. ಮೈಯಿಂದ ನಾಲ್ಕು ಇಂಚು ದೂರದಲ್ಲಿ ಒಂದು ತುಂಡನ್ನು ನೆಟ್ಟಗೆ ನಿಲ್ಲಿಸಿದರೆ, ಅದನ್ನು ಎತ್ತಿ ಹಿಡಿದಿರೋದು ಯಾರು ಅಂತ ನಾನು ಕೇಳುತ್ತೇನೆ.

ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು ರಷ್ಯಾದ ಟೈಫೂನ್ ಸಬ್‌ಮರೀನ್‌ನ ಮಾಡೆಲ್ ಕಿಟ್ ತಂದುಕೊಟ್ಟರು. ಅಸಲಿ ಟೈಫೂನ್ ಸುಮಾರು 175 ಮೀಟರ್ ಉದ್ದ, 23 ಮೀಟರ್ ಅಗಲ. 1/350 ಸ್ಕೇಲಿನಲ್ಲಿ, ಅಂದರೆ ಅಸಲಿಯ 350ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಐವತ್ತು ಸೆಂಟಿಮೀಟರ್. ವಿಶಾಖಪಟ್ಟಣದ ಬೀಚಿನಲ್ಲಿ ನಿಲ್ಲಿಸಿರುವ ನಮ್ಮ ನೌಕಾಪಡೆಯ ಹಳೆಯ ಸಬ್‌ಮರೀನ್ ಕುರ್ಸುರಾ ನೋಡಿದವರಿಗೆ ಅಳತೆ ಅಂದಾಜಾಗುತ್ತದೆ. ಅದು 91 ಮೀಟರ್, ಟೈಫೂನ್ ಹತ್ತಿರ ಹತ್ತಿರ ಅದರ ಎರಡರಷ್ಟು. ಗೋಪುರ ಮಾತ್ರ ಕಾಣುತ್ತದೆ ಅಂದ ಕೂಡಲೇ ಡಾಕ್ಟರ ಮುಖ ಸಣ್ಣಗಾಯಿತು. "ಅಲ್ರೀ, ಇಷ್ಟುದ್ದದ್ದು ತಂದುಕೊಟ್ಟೀನಿ, ಇಷ್ಟೇ ಇಷ್ಟು ತೋರಿಸಿದ್ರ ಹೆಂಗ್ರೀ?" ಈ ಬೇಜಾರು ನ್ಯಾಯವಾದದ್ದೇ. ಅದಕ್ಕೆ ದಾರಿ ಇದೆ. ಇನ್ನೂ ಮೇಲೆ ಬಂದ ಹಂತ ತೋರಿಸಿ, ಡೆಕ್ ಉದ್ದಕ್ಕೂ ಹೊರಗೆ, ಅದರ ಮೇಲೆ ಐಸ್ ಹಲಗೆಗಳು. ಇಲ್ಲವಾದರೆ ಒಂದು ಬದಿಯನ್ನು ಗಾಜಿನ ತೊಟ್ಟಿಯ ಥರ ಕತ್ತರಿಸಿ, ಗಾಜಿನ ಹಾಗೆ ಗಟ್ಟಿಯಾಗುವ ಪಾರದರ್ಶಕ ರೆಸಿನ್‌ನಲ್ಲಿ ಮಾಡಿದ ನೀರಿನೊಳಗೆ ಪೂರ್ತಿ ಮೈ ಕಾಣಿಸಿ. ದುಡ್ಡು ಜಾಸ್ತಿ ಆಗುತ್ತದೆ, ಆದರೆ ಸುಳ್ಳು ಇರಲ್ಲ. ಡಾಕ್ಟರು ಎರಡನೆಯದು ಆರಿಸಿದರು. ಜೊತೆಗೆ ಮೂರು ಹಿಮಕರಡಿ ಬೇಕು ಅಂದರು. 2003ರಲ್ಲಿ ಉತ್ತರ ಧ್ರುವದಿಂದ ಸುಮಾರು 280 ಮೈಲಿ ದೂರದಲ್ಲಿ ಅಮೆರಿಕದ ಹೊನೊಲುಲು ಸಬ್‌ಮರೀನ್ ಹತ್ತಿರ ಮೂರು ಕರಡಿ ಬಂದ ಫೋಟೋ ನೋಡಿಬಿಟ್ಟಿದ್ದರು. ಈ ಸ್ಕೇಲಿನಲ್ಲಿ ಒಂದು ಕರಡಿ ಏಳು ಮಿಲಿಮೀಟರ್. ಮಾಡಿಕೊಟ್ಟೆ, ಅವರ ಆಸೆ ನೋಡಿ ಅದಕ್ಕೆ ದುಡ್ಡು ಕೇಳಲು ಮನಸ್ಸಾಗಲಿಲ್ಲ. ಪೆಂಗ್ವಿನ್ ಮಾತ್ರ ಯಾರೇ ಕೇಳಿದರೂ ಇಡಲ್ಲ. ಅದು ಇನ್ನೊಂದು ಧ್ರುವದ ಕಡೆಯದು.

ಐಸ್ ಎಷ್ಟು ದಪ್ಪ ಅನ್ನುವುದೂ ಇದೇ ಗೊಂದಲದಿಂದ ಹುಟ್ಟಿದ ತಪ್ಪು. ಐಸ್ ಅಂದರೆ ಬಂಡೆ ಅಂದುಕೊಂಡು ಎರಡು ಇಂಚು ಥರ್ಮಾಕೋಲ್ ಇಟ್ಟುಬಿಡುತ್ತಾರೆ. 1/350ರಲ್ಲಿ ಎರಡು ಇಂಚು ಅಂದರೆ ನಿಜದಲ್ಲಿ ಹದಿನೇಳು ಮೀಟರಿಗಿಂತ ಜಾಸ್ತಿ! ಒಂದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸಮುದ್ರದ ಐಸ್ ಒಂದೂವರೆ ಎರಡು ಮೀಟರ್. ಎರಡು ಮೀಟರ್ ಅಂದರೆ ಮಾಡೆಲ್‌ನಲ್ಲಿ ಆರು ಮಿಲಿಮೀಟರ್ ಕೂಡ ಇಲ್ಲ. ಅದರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರೊಳಗೆ, ಮೇಲೆ ಕಾಣುವ ಅಂಚು ಅರ್ಧ ಮಿಲಿಮೀಟರಿನ ಆಸುಪಾಸು. ಐಸ್ ಐಸಿಗೆ ಗುದ್ದಿ ಏರಿದ ದಿಬ್ಬಗಳು ಎತ್ತರವಿರುತ್ತವೆ, ಸರಿ, ಆದರೆ ಅಂಥ ಕಡೆ ಸಬ್‌ಮರೀನ್ ಮೇಲೆ ಬರಲ್ಲ. ತೆಳು ಜಾಗವನ್ನೇ ಹುಡುಕಿ ಬಂದಿದೆ ಅಲ್ವಾ?

1958ರ ಆಗಸ್ಟ್ 3ರಂದು ಅಮೆರಿಕದ ನಾಟಿಲಸ್ ಉತ್ತರ ಧ್ರುವದ ಅಡಿಯಲ್ಲಿ ಹಾದುಹೋಯಿತು. ಅಲ್ಲಿ ಮೇಲೆ ಬರಲಿಲ್ಲ. ಧ್ರುವದಲ್ಲೇ ಮೊದಲು ಮೇಲೆ ಬಂದದ್ದು ಸ್ಕೇಟ್, 1959ರ ಮಾರ್ಚ್ 17ರಂದು. ಚಳಿಗಾಲದ ಐಸ್ ಒಡೆಯಬೇಕು ಅಂತ ಅದರ ಗೋಪುರವನ್ನು ಮೊದಲೇ ಗಟ್ಟಿ ಮಾಡಿಸಿದ್ದರು. ಮೂತಿಯನ್ನಲ್ಲ, ಗಮನಿಸಿ. ಹ್ಯೂಬರ್ಟ್ ವಿಲ್ಕಿನ್ಸ್ ಅನ್ನುವ ಆಸ್ಟ್ರೇಲಿಯಾದ ಸಾಹಸಿ 1931ರಲ್ಲೇ ಸಬ್‌ಮರೀನ್‌ನಲ್ಲಿ ಐಸಿನ ಕೆಳಗೆ ಹೋಗಲು ಪ್ರಯತ್ನ ಪಟ್ಟಿದ್ದವರು. ಅವರು 1958ರಲ್ಲಿ ತೀರಿಕೊಂಡರು, ಅವರ ಚಿತಾಭಸ್ಮವನ್ನು ಸ್ಕೇಟ್ ಸಿಬ್ಬಂದಿ ಅಂದು ಧ್ರುವದಲ್ಲಿ ಚೆಲ್ಲಿದರು. ಈ ದೃಶ್ಯ ಮಾಡಿಸಿ ಅಂತ ನಾನೇ ಕೆಲವರಿಗೆ ಹೇಳಿ ನೋಡಿದೆ. ಸ್ಕೇಟ್ 1/350ರಲ್ಲಿ ಬರೀ 23 ಸೆಂಟಿಮೀಟರ್, ಟೇಬಲ್ ಮೇಲೆ ಚೆನ್ನಾಗಿ ಕೂರುತ್ತದೆ. ಯಾರಿಗೂ ಬೇಡ. ಎಲ್ಲರಿಗೂ ಟೈಫೂನೇ ಬೇಕು.

ಸ್ವತಃ ಮಾಡುವವರಿಗೆ ಒಂದು ಮಾತು. ತುಂಡುಗಳನ್ನು ಬೇರೆ ಬೇರೆ ಕತ್ತರಿಸಿ ಜೋಡಿಸಬೇಡಿ. ಆರು ಮಿಲಿಮೀಟರಿನ ಪಿಒಪಿ ಹಾಳೆ ಎರಕ ಹೊಯ್ದು ಚೆನ್ನಾಗಿ ಒಣಗಿಸಿ. ಅದನ್ನು ನಾಲ್ಕೂ ಕಡೆ ಚೌಕಟ್ಟಿನ ಮೇಲೆ ಕೂರಿಸಿ, ಡೆಕ್ ಮತ್ತು ಗೋಪುರದ ಆಕಾರಕ್ಕೆ ಕೊರೆದ ಮರದ ತುಂಡನ್ನು ಕೆಳಗಿಂದ ನಿಧಾನಕ್ಕೆ ಒತ್ತಿ. ಹೇಗೆ ಒಡೆಯಬೇಕೋ ಹಾಗೇ ಒಡೆಯುತ್ತದೆ. ಎಲ್ಲ ತುಂಡೂ ಒಂದೇ ಹಾಳೆಯದ್ದಾದ್ದರಿಂದ ದಪ್ಪವೂ ಒಂದೇ ಇರುತ್ತದೆ, ಇದನ್ನು ನೋಡಿದರೆ ಸಾಕು, ಮಾಡಿದವರಿಗೆ ವಿಷಯ ಗೊತ್ತಾ ಇಲ್ವಾ ಅಂತ ನಾನು ಹೇಳಬಲ್ಲೆ. ಗೋಪುರದ ಎರಡು ಬದಿಗೆ ರೆಕ್ಕೆ ಇರುವ, ಅಮೆರಿಕದ ಸ್ಟರ್ಜನ್ ಕ್ಲಾಸ್ ಸಬ್‌ಮರೀನ್ ಮಾಡುತ್ತಿದ್ದರೆ ರೆಕ್ಕೆಗಳನ್ನು ಇದ್ದಲ್ಲೇ ತಿರುಗಿಸಿ, ಅಂಚು ಮೇಲೆ ಮಾಡಿ ಅಂಟಿಸಿ. ಐಸ್ ಸೀಳಲೆಂದೇ ಅವು 90 ಡಿಗ್ರಿ ತಿರುಗುತ್ತಿದ್ದವು. ಕಿಟ್ಟಿನ ಡಬ್ಬಿ ಮೇಲೆ ಅಡ್ಡಡ್ಡ ಇರುತ್ತವೆ, ಅದನ್ನೇ ನೋಡಿ ಅಂಟಿಸಿಬಿಡುತ್ತಾರೆ. 1988ರಲ್ಲಿ ಸೇವೆಗೆ ಬಂದ ಸ್ಯಾನ್ ಹುವಾನ್‌ನಿಂದ ಈಚೆಗೆ ಅಮೆರಿಕದ್ದೇ ಆದ ಲಾಸ್ ಏಂಜಲಿಸ್ ಕ್ಲಾಸ್‌ನಲ್ಲಿ ಆ ರೆಕ್ಕೆಗಳೇ ಗೋಪುರದಲ್ಲಿಲ್ಲ, ಮೂತಿ ಕಡೆಗೆ ಹೋಗಿ ಒಳಕ್ಕೆ ಮಡಚಿಕೊಳ್ಳುತ್ತವೆ.

ಹಿಮಕ್ಕೆ ಬಿಳಿ ರಂಗೋಲಿ ಪುಡಿ ಉದುರಿಸುವವರಿದ್ದಾರೆ. ದೊಡ್ಡ ಸ್ಕೇಲಿಗೆ ಪರವಾಗಿಲ್ಲ, 1/350ರಲ್ಲಿ ಒಂದೊಂದು ಕಾಳೂ ಇಟ್ಟಿಗೆಯಷ್ಟಾಗುತ್ತದೆ. ಅಡುಗೆ ಸೋಡಾ ಬೇಡ, ನಮ್ಮ ಮಳೆಗಾಲಕ್ಕೆ ಗಂಟು ಕಟ್ಟುತ್ತದೆ. ಫೈಬರ್‌ಗ್ಲಾಸ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೈಕ್ರೋಬಲೂನ್, ಅಂದರೆ ಒಳಗೆ ಟೊಳ್ಳಾದ ಅತಿ ಸಣ್ಣ ಗುಂಡುಗಳ ಪುಡಿ ಒಳ್ಳೆಯದು, ಮಾಸ್ಕ್ ಹಾಕಿಕೊಂಡೇ ಬಳಸಿ. ನೀರು ಕಪ್ಪಿರಲಿ, ನೀಲಿ ಬೇಡ. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿಹೋಗುತ್ತದೆ, ಇದನ್ನು ಹೇಳಬೇಕಾಗಿರಲಿಲ್ಲ, ಆದರೂ ಹೇಳುತ್ತಿದ್ದೇನೆ.

ಎಪಾಕ್ಸಿ ರೆಸಿನ್ ಒಂದೇ ಸಲ ದಪ್ಪಗೆ ಸುರಿದರೆ ಕಾದು ಬಿಸಿಯಾಗುತ್ತದೆ, ಬಿರುಕು ಬಿಡಬಹುದು, ಕಿಟ್ಟಿನ ಪ್ಲಾಸ್ಟಿಕ್ ಸೊಟ್ಟಗಾಗಲೂಬಹುದು. ಡಬ್ಬಿ ಮೇಲೆ ಬರೆದಷ್ಟೇ ದಪ್ಪಕ್ಕೆ ಪದರ ಪದರವಾಗಿ ಹಾಕಬೇಕು, ಪ್ರತಿ ಪದರವೂ ಗಟ್ಟಿಯಾಗಲು ಬಿಡಬೇಕು. ಹಾಗಾಗಿ ನೀರೊಳಗಿನ ಮೈ ಕಾಣುವ ಡಯೋರಮಾ ಆರ್ಡರ್ ಕೊಟ್ಟವರು, ಮಗನ ಬರ್ತ್‌ಡೇ ಮುಂದಿನ ವಾರ ಸಾರ್ ಅಂತ ಫೋನ್ ಮಾಡಬೇಡಿ.